ನಲವತ್ತರಲ್ಲಿ ಅಕ್ಷರ: ಆಚರಣೆಗೆ ಮರಳುವ ಯೆಹೂದ್ಯರಿಗಾಗಿ ಜಾಲತಾಣವೊಂದನ್ನು ರೂಪಿಸುವ ಬಗೆ

ಸೆರೆಯಿಂದ ಹಿಂದಿರುಗಿದ ಜನರು ಏಳನೆಯ ತಿಂಗಳ ಮೊದಲನೆಯ ದಿನ ಯೆರೂಸಲೇಮಿನ ನೀರುಬಾಗಿಲಿನ ಮುಂದಣ ಬಯಲಿನಲ್ಲಿ ಕೂಡಿಬಂದ ಸಂಗತಿಯನ್ನು ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅವರು ಮಕ್ಕಳಲ್ಲ, ಪ್ರಾಯಕ್ಕೆ ಬಂದವರು. ತಮ್ಮದೇ ಆದ ಧರ್ಮಶಾಸ್ತ್ರ ಅವರಿಗೆ ಹೊಸದಾಗಿ ಕೇಳಿಸಿತು, ಕೇಳಿ ಅತ್ತರು. ಆಗ ಎಜ್ರನೂ ಲೇವಿಯರೂ ಮಾಡಿದ ಕೆಲಸಗಳನ್ನು ಕ್ರಮವಾಗಿ ಗಮನಿಸಬೇಕು. ಓದಿದರು, ಓದಿದ್ದನ್ನು ಬಿಡಿಸಿ ಅರ್ಥ ಹೇಳಿದರು, ಅಳಬೇಡಿರೆಂದು ಸಂತೈಸಿದರು, ಹೋಗಿ ಉಂಡು ಇಲ್ಲದವರಿಗೂ ಪಾಲು ಕಳುಹಿಸಿರೆಂದರು. ಮರುದಿನ ಪರ್ಣಶಾಲೆಗಳ ಹಬ್ಬದ ವಿಧಿ ಗ್ರಂಥದಲ್ಲಿ ಕಂಡುಬಂದಾಗ ಅದರ ಮೇಲೆ ಉಪನ್ಯಾಸ ನಡೆಯಲಿಲ್ಲ. ಜನರು ಗುಡ್ಡಕ್ಕೆ ಹೋಗಿ ಎಣ್ಣೆಮರದ ಮತ್ತು ಖರ್ಜೂರದ ಕೊಂಬೆಗಳನ್ನು ತಂದು ಮಾಳಿಗೆಗಳ ಮೇಲೆ ಚಪ್ಪರ ಹಾಕಿದರು.

ಹಳೆಯ ಒಡಂಬಡಿಕೆಯ ತರಗತಿಯಲ್ಲಿ ಈ ಅಧ್ಯಾಯವನ್ನು ಪಾಠ ಮಾಡುವಾಗ ನಾವು ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸವನ್ನು ಕೊಟ್ಟೆವು. ಯೆಹೂದ್ಯ ಮನೆಯಲ್ಲಿ ಹುಟ್ಟಿಯೂ ಆಚರಣೆಯಿಲ್ಲದೆ ಬೆಳೆದ ಒಬ್ಬರು ತಮ್ಮ ಮೂವತ್ತೋ ನಲವತ್ತೋ ವಯಸ್ಸಿನಲ್ಲಿ ಧರ್ಮಶಾಸ್ತ್ರವನ್ನು ಕೈಕೊಂಡು ನಡೆಯಲು ನಿರ್ಧರಿಸುತ್ತಾರೆ. ಅವರಿಗಾಗಿ ಒಂದು ಜಾಲತಾಣವನ್ನು ರೂಪಿಸಬೇಕಾದರೆ ಅದರಲ್ಲಿ ಏನಿರಬೇಕು, ಯಾವ ಕ್ರಮದಲ್ಲಿ ಇರಬೇಕು? ಪಾವಗಡ ತಾಲ್ಲೂಕಿನ ತಿರುಮಣಿಯ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬರು ಎದ್ದುನಿಂತು, "ಅಯ್ಯನವರೇ, ಅಂಥವರು ನಮ್ಮ ಊರಿನಲ್ಲಿದ್ದರೆ ಪಸ್ಕದಲ್ಲಿ ಮುದ್ದೆ ಉಣ್ಣಬಹುದೋ?" ಎಂದು ಕೇಳಿದರು. ತರಗತಿ ನಕ್ಕಿತು. ಆದರೆ ಮುಂದಿನ ಮೂರು ವಾರ ನಮ್ಮನ್ನು ದುಡಿಸಿದ್ದು ಆ ಪ್ರಶ್ನೆಯೇ. ಆದುದರಿಂದ ಸಭಾಮಂದಿರವಿಲ್ಲದ ತಿರುಮಣಿಯನ್ನೇ ನಮ್ಮ ಕಲ್ಪಿತ ಓದುಗರ ಊರೆಂದು ಇಟ್ಟುಕೊಂಡೆವು. ಆ ಕೆಲಸದಲ್ಲಿ ಕಂಡದ್ದನ್ನೂ ನಾವು ಮಾಡಿದ ತಪ್ಪುಗಳನ್ನೂ ಇಲ್ಲಿ ವಿವರಿಸುತ್ತೇವೆ.

ಮೊದಲು ಹೆಸರಿನ ವಿಷಯ. ಹೀಗೆ ಮರಳುವವರನ್ನು ಯೆಹೂದ್ಯರು 'ಬಾಲ್ ತೆಶುವಾ' ಎನ್ನುತ್ತಾರೆ. ಸ್ತ್ರೀಯಾದರೆ 'ಬಾಲತ್ ತೆಶುವಾ'. ತೆಶುವಾ ಎಂಬುದು 'ಶೂವ್' ಎಂಬ ಇಬ್ರಿಯ ಧಾತುವಿನಿಂದ ಬಂದದ್ದು. ತಿರುಗು, ಹಿಂದಿರುಗು ಎಂದರ್ಥ. ಪ್ರವಾದಿಗಳ ಗ್ರಂಥಗಳಲ್ಲಿ ನಾವು ಓದುವ 'ತಿರುಗಿಕೊಳ್ಳಿರಿ' ಎಂಬ ಕರೆಯ ಹಿಂದಿರುವುದು ಇದೇ ಮಾತು. 'ಪಶ್ಚಾತ್ತಾಪ' ಎಂದಾಗ ನಮ್ಮ ಮನಸ್ಸು ದುಃಖದ ಕಡೆಗೆ ಹೋಗುತ್ತದೆ. ತೆಶುವಾ ಎಂದಾಗ ಕಾಲು ದಾರಿಯ ಕಡೆಗೆ ಹೋಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಮೈಮೊನಿಡೀಸನು ತನ್ನ ಧರ್ಮಸಂಹಿತೆಯಲ್ಲಿ ತೆಶುವಾಕ್ಕಾಗಿಯೇ ಒಂದು ಪ್ರತ್ಯೇಕ ಭಾಗವನ್ನು ಬರೆದನು. ತಿರುಗಿಬಂದವರು ನಿಲ್ಲುವ ಸ್ಥಾನದಲ್ಲಿ ಪೂರ್ಣ ನೀತಿವಂತರೂ ನಿಲ್ಲಲಾರರು ಎಂಬ ಅಭಿಪ್ರಾಯ ತಾಲ್ಮೂದಿನಲ್ಲಿದೆ. ಇಂಥವರು ಎಲ್ಲ ಕಾಲಗಳಲ್ಲಿಯೂ ಇದ್ದರು. ಆದರೆ ದೊಡ್ಡ ಸಂಖ್ಯೆಯ ಚಳವಳಿಯಾಗಿ ಇದು ಬೆಳೆದದ್ದು 1967ರ ಯುದ್ಧದ ನಂತರದ ವರ್ಷಗಳಲ್ಲಿ. ಅಕ್ಷರವೂ ತಿಳಿಯದ ಪ್ರೌಢರಿಗಾಗಿಯೇ ಯೆರೂಸಲೇಮಿನಲ್ಲಿ ಓರ್ ಸೋಮೆಯಾಖ್, ಸ್ತ್ರೀಯರಿಗಾಗಿ ನೆವೆ ಯೆರುಶಲಾಯಿಮ್, 1974ರಲ್ಲಿ ಏಶ್ ಹತೋರಾ ಮುಂತಾದ ಪಾಠಶಾಲೆಗಳು ಹುಟ್ಟಿದವು. ಖಬಾದ್ ಪಂಗಡದವರು ಜಗತ್ತಿನ ಮೂಲೆಮೂಲೆಗೆ ಮನೆಗಳನ್ನು ತೆರೆದದ್ದಲ್ಲದೆ, ಅಂತರಜಾಲ ಜನಸಾಮಾನ್ಯರಿಗೆ ದೊರೆಯುವ ಮೊದಲೇ ಗಣಕಯಂತ್ರಗಳ ಮೂಲಕ ಪ್ರಶ್ನೋತ್ತರ ನಡೆಸಲಾರಂಭಿಸಿದರು. 2011ರಲ್ಲಿ ಆರಂಭವಾದ ಸೆಫಾರಿಯಾ ಎಂಬ ಗ್ರಂಥಭಂಡಾರದಲ್ಲಿ ಇಂದು ತೋರಾ, ತಾಲ್ಮೂದ್ ಮತ್ತು ಅವುಗಳ ವ್ಯಾಖ್ಯಾನಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಅಂದಮೇಲೆ ಗ್ರಂಥಗಳ ಕೊರತೆಯಿಲ್ಲ. ಕೊರತೆಯಿರುವುದು ಮೊದಲನೆಯ ಮೆಟ್ಟಿಲಿನಲ್ಲಿ.

ನಮ್ಮ ವಿದ್ಯಾರ್ಥಿಗಳು ತಯಾರಿಸಿದ ಮೊದಲನೆಯ ಕರಡು 'ಯೆಹೂದ್ಯರು ಏನನ್ನು ನಂಬುತ್ತಾರೆ' ಎಂಬ ಪುಟದಿಂದ ಆರಂಭವಾಗಿತ್ತು. ದೇವರು, ಸೃಷ್ಟಿ, ಒಡಂಬಡಿಕೆ, ಮೆಸ್ಸೀಯನ ನಿರೀಕ್ಷೆ ಎಂದು ಹದಿಮೂರು ಶೀರ್ಷಿಕೆಗಳು. ಅದು ನಮ್ಮ ಸಭೆಯ ಪ್ರಶ್ನೋತ್ತರಮಾಲೆಯ ಕ್ರಮ. ನಮಗೆ ನಂಬಿಕೆಯ ಅರಿಕೆ ಮೊದಲು, ನಡತೆ ನಂತರ. ತಪ್ಪನ್ನು ತಿದ್ದಲು ನಾವು ವಿಮೋಚನಕಾಂಡ 24:7ಕ್ಕೆ ಹೋದೆವು. ಸೀನಾಯಿಯ ಬುಡದಲ್ಲಿ ಜನರು ಕೊಟ್ಟ ಉತ್ತರದಲ್ಲಿ ಇಬ್ರಿಯ ಮೂಲದ ಪ್ರಕಾರ 'ಮಾಡುವೆವು' ಎಂಬ ಕ್ರಿಯಾಪದ ಮೊದಲು ಬರುತ್ತದೆ, 'ಕೇಳುವೆವು' ಎಂಬುದು ಆಮೇಲೆ. ಈ ಕ್ರಮದ ಮೇಲೆ ರಬ್ಬಿಗಳು ಬಹಳ ಧ್ಯಾನಿಸಿದ್ದಾರೆ. ಆಚರಣೆಗೆ ಮರಳಿದವರ ಮೊದಲ ಪ್ರಶ್ನೆ ದೇವರ ಅಸ್ತಿತ್ವದ ಕುರಿತದ್ದಾಗಿರುವುದು ಅಪರೂಪ. ಈ ಶುಕ್ರವಾರ ಸಂಜೆ ಏನು ಮಾಡಬೇಕು, ದೀಪ ಎಷ್ಟು ಹೊತ್ತಿಗೆ ಹಚ್ಚಬೇಕು, ಹಚ್ಚಿದ ಮೇಲೆ ಏನು ಹೇಳಬೇಕು, ಹೇಳಲು ಬಾರದಿದ್ದರೆ ಏನು ಎಂಬುದೇ ಆ ಪ್ರಶ್ನೆ. ಆದುದರಿಂದ ಎರಡನೆಯ ಕರಡಿನ ಮುಖಪುಟದಲ್ಲಿ ಒಂದೇ ವಿಷಯ ಉಳಿಯಿತು: ಇಂದು ಯಾವ ವಾರ, ಮುಂದಿನ ಸಬ್ಬತ್ ಎಂದು ಆರಂಭ, ಅಷ್ಟರೊಳಗೆ ಮಾಡಬಹುದಾದ ಒಂದು ಕೆಲಸ ಯಾವುದು. ಒಂದೇ ಕೆಲಸ. ಆರುನೂರ ಹದಿಮೂರು ಆಜ್ಞೆಗಳ ಪಟ್ಟಿಯನ್ನು ಮುಖಪುಟದಲ್ಲಿ ಹಾಕಿದರೆ ಬಂದವರು ಬಂದ ಬಾಗಿಲಿನಿಂದಲೇ ಹೊರಟುಹೋಗುತ್ತಾರೆ.

ಇಲ್ಲಿ ನಾಚಿಕೆಯ ಮಾತನ್ನು ಹೇಳಲೇಬೇಕು. ವೈದ್ಯನೋ ಇಂಜಿನಿಯರನೋ ಆಗಿ ಹತ್ತು ಜನರಿಂದ ಗೌರವ ಪಡೆಯುವವರು ಸಭಾಮಂದಿರದಲ್ಲಿ ಪುಸ್ತಕವನ್ನು ಯಾವ ಕಡೆಯಿಂದ ತೆರೆಯಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಪಕ್ಕದ ಎಂಟು ವರ್ಷದ ಹುಡುಗ ಸರಾಗವಾಗಿ ಓದುತ್ತಿರುತ್ತಾನೆ. ರಬ್ಬಿ ಅಕೀವನು ನಲವತ್ತು ವರ್ಷದವನಾಗಿದ್ದಾಗ ತನ್ನ ಮಗನ ಜೊತೆಯಲ್ಲಿ ಕುಳಿತು ಅಕ್ಷರಾಭ್ಯಾಸ ಮಾಡಿದನೆಂಬ ಕಥೆಯನ್ನು ಯೆಹೂದ್ಯರು ಇಂಥವರಿಗಾಗಿಯೇ ಉಳಿಸಿಕೊಂಡಿದ್ದಾರೆಂದು ನಮಗೆ ಅನ್ನಿಸುತ್ತದೆ. ಜಾಲತಾಣದ ದೊಡ್ಡ ಉಪಕಾರವೂ ಇದೇ: ಯಾರೂ ನೋಡದಿರುವಾಗ ಕಲಿಯಬಹುದು. ಆದುದರಿಂದ ಪ್ರತಿ ಆಶೀರ್ವಚನಕ್ಕೂ ಧ್ವನಿ ಇರಬೇಕು, ನಿಧಾನವಾದ ಧ್ವನಿ. ಇಬ್ರಿಯ ಲಿಪಿಯ ಕೆಳಗೆ ಓದುಗರ ಲಿಪಿಯಲ್ಲಿ ಉಚ್ಚಾರಣೆ ಇರಬೇಕು. ಕನ್ನಡ ಲಿಪಿ ಇದಕ್ಕೆ ಬಹಳ ಮಟ್ಟಿಗೆ ಒದಗುತ್ತದೆ, ಸ್ವರಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. 'ಖೆತ್' ಎಂಬ ಅಕ್ಷರದ ಗಂಟಲಿನ ಸದ್ದಿಗೂ 'ಜಾಯಿನ್' ಎಂಬುದರ ಸದ್ದಿಗೂ ಮಾತ್ರ ನಮ್ಮಲ್ಲಿ ನೇರವಾದ ಅಕ್ಷರವಿಲ್ಲ. ಅಲ್ಲಿ ಧ್ವನಿಯೇ ಗತಿ.

ಇನ್ನು ಕಾಲದ ಲೆಕ್ಕ. ಸಬ್ಬತ್ತಿನ ದೀಪವನ್ನು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ಹಚ್ಚುತ್ತಾರೆ. ಯೆರೂಸಲೇಮಿನ ರೂಢಿ 40 ನಿಮಿಷ. ಮರುದಿನ ರಾತ್ರಿ ಮೂರು ನಕ್ಷತ್ರಗಳು ಕಂಡಾಗ ಸಬ್ಬತ್ ಮುಗಿಯುತ್ತದೆ. ಆದುದರಿಂದ ಸಮಯ ಊರಿನಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ಲಂಡನ್ನಿನಲ್ಲಿ ಚಳಿಗಾಲದ ಸೂರ್ಯಾಸ್ತಕ್ಕೂ ಬೇಸಿಗೆಯ ಸೂರ್ಯಾಸ್ತಕ್ಕೂ ನಾಲ್ಕು ಗಂಟೆಗಿಂತ ಹೆಚ್ಚಿನ ಅಂತರವಿದೆ. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ತಿರುಮಣಿಯಲ್ಲಿ ಆ ಅಂತರ ಹೆಚ್ಚುಕಡಿಮೆ ಒಂದೇ ಗಂಟೆ. ನಮ್ಮ ಓದುಗರಿಗೆ ಇದು ಒಂದು ಅನುಕೂಲ: ಬೆಂಗಳೂರಿನ ಪಟ್ಟಿಯನ್ನೇ ಹಿಡಿದರೂ ವ್ಯತ್ಯಾಸ ಕೆಲವೇ ನಿಮಿಷ, ಆ 18 ನಿಮಿಷದ ಅಂಚಿನೊಳಗೆ ಅದು ಅಡಗುತ್ತದೆ. ತಿರುಮಣಿಯಲ್ಲಿ ಸೂರ್ಯನನ್ನು ಅಳೆಯುವುದು ಹೊಸತೇನಲ್ಲ. ಆ ಊರೂ ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ ಸೌರಪಾರ್ಕಿನಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳು ನಿಂತಿವೆ. 2018ರಲ್ಲಿ ಅದರ ಉದ್ಘಾಟನೆಯಾಯಿತು. ದೂರದ ದೇಶಗಳಿಂದ ತಂತ್ರಜ್ಞರು ಬಂದುಹೋಗುವ ಜಾಗವಾದುದರಿಂದ ನಮ್ಮ ಕಲ್ಪಿತ ಓದುಗರು ಅಲ್ಲಿ ಇರುವುದು ಅಸಂಭವವೂ ಅಲ್ಲ.

ಆದರೆ ಸೂರ್ಯಾಸ್ತವಾದ ಕೂಡಲೇ ಒಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಬೆಂಕಿ ಹೊತ್ತಿಸಬಾರದೆಂಬ ವಿಮೋಚನಕಾಂಡ 35:3ರ ಆಜ್ಞೆಯ ಮತ್ತು ಸಬ್ಬತ್ತಿನ ಕೆಲಸಗಳ ಕುರಿತ ಇತರ ವಿಧಿಗಳ ಆಧಾರದ ಮೇಲೆ ಆಚರಣಾನಿಷ್ಠರು ಆ ಇಪ್ಪತ್ತೈದು ಗಂಟೆ ಫೋನನ್ನಾಗಲಿ ಗಣಕಯಂತ್ರವನ್ನಾಗಲಿ ಬಳಸುವುದಿಲ್ಲ. ಅಂದರೆ ನಾವು ರೂಪಿಸುವ ಸಾಧನ ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಮುಚ್ಚಿರುತ್ತದೆ. ದ್ರಾಕ್ಷಾರಸದ ಬಟ್ಟಲನ್ನು ಕೈಯಲ್ಲಿ ಹಿಡಿದವರಿಗೆ ಮುಂದಿನ ಸಾಲು ನೆನಪಾಗದಿದ್ದರೆ ಜಾಲತಾಣದಿಂದ ಪ್ರಯೋಜನವಿಲ್ಲ. ನ್ಯೂಯಾರ್ಕಿನ ಹೆಸರಾಂತ ಕ್ಯಾಮೆರಾ ಅಂಗಡಿಯೊಂದು ಸಬ್ಬತ್ತಿನಲ್ಲಿ ತನ್ನ ಜಾಲತಾಣದ ಮೂಲಕವೂ ಆರ್ಡರು ಸ್ವೀಕರಿಸುವುದಿಲ್ಲ. ವ್ಯಾಪಾರಕ್ಕೆ ಅದು ಸಾಧ್ಯವಾದರೆ ಕಲಿಸುವವರಿಗೆ ಅದು ಬುದ್ಧಿ ಹೇಳುವ ಪಾಠ. ಈ ಕಾರಣದಿಂದ ಜಾಲತಾಣದ ಪ್ರತಿಯೊಂದು ಮುಖ್ಯ ಪುಟಕ್ಕೂ ಮುದ್ರಿಸಿಕೊಳ್ಳಬಹುದಾದ ಒಂದು ಹಾಳೆ ಇರಲೇಬೇಕು. ಗುರುವಾರವೇ ಅದನ್ನು ಮುದ್ರಿಸಿಕೊಳ್ಳುವಂತೆ ನೆನಪಿಸಬೇಕು. ನಿಜವಾಗಿ ನೋಡಿದರೆ ಆ ಹಾಳೆಯೇ ಮೂಲ, ಜಾಲತಾಣ ಅದನ್ನು ತಲುಪಿಸುವ ಗಾಡಿ.

ಹಾಳೆಯ ಮಾತು ಬಂದಾಗ ನಮ್ಮ ಎರಡನೆಯ ತಪ್ಪು ಬೆಳಕಿಗೆ ಬಂತು. ವಿದ್ಯಾರ್ಥಿಗಳು ನಮ್ಮ ಕನ್ನಡ ಸತ್ಯವೇದದ ವಾಕ್ಯಗಳನ್ನೇ ಅದರಲ್ಲಿ ಹಾಕಿದ್ದರು. ಅಲ್ಲಿ 'ಯೆಹೋವ' ಎಂಬ ನಾಮ ಸಾಲುಸಾಲಿಗೂ ಇದೆ. ಯೆಹೂದ್ಯರು ಆ ನಾಮವನ್ನು ಉಚ್ಚರಿಸುವುದಿಲ್ಲ. ಪ್ರಾರ್ಥನೆಯಲ್ಲಿ 'ಅದೋನಾಯ್' ಎಂದೂ ಸಾಮಾನ್ಯ ಮಾತಿನಲ್ಲಿ 'ಹಶೇಮ್', ಅಂದರೆ 'ಆ ನಾಮ' ಎಂದೂ ಹೇಳುತ್ತಾರೆ. ಇಬ್ರಿಯ ಅಕ್ಷರಗಳಲ್ಲಿ ಆ ನಾಮವನ್ನು ಬರೆದ ಕಾಗದವನ್ನು ಕಸಕ್ಕೆ ಎಸೆಯುವುದಿಲ್ಲ, ಹೂಳುತ್ತಾರೆ. ನಾವು ದಿನವೂ ಓದುವ ಒಂದು ಪದ ಇನ್ನೊಬ್ಬರ ಬಾಯಿಗೆ ಎಷ್ಟು ಭಾರವೆಂಬುದನ್ನು ಈ ಒಂದು ತಿದ್ದುಪಡಿ ನಮಗೆ ಕಲಿಸಿದಷ್ಟು ಯಾವ ವ್ಯಾಖ್ಯಾನವೂ ಕಲಿಸಿರಲಿಲ್ಲ. 'ಹಳೆಯ ಒಡಂಬಡಿಕೆ' ಎಂಬ ಹೆಸರೂ ಹೋಗಬೇಕಾಯಿತು. ಅವರಿಗೆ ಅದು ಹಳೆಯದಲ್ಲ.

ಈಗ ಮುದ್ದೆಯ ಪ್ರಶ್ನೆ. ಪಸ್ಕದಲ್ಲಿ ಹುಳಿಹಿಟ್ಟು ವರ್ಜ್ಯ. ರಬ್ಬಿಗಳ ಪ್ರಕಾರ ಹೀಗೆ ಹುಳಿಹಿಟ್ಟಾಗಬಲ್ಲ ಧಾನ್ಯಗಳು ಐದೇ; ಗೋಧಿ ಮತ್ತು ಜವೆಗೋಧಿ ಅವುಗಳಲ್ಲಿ ಮುಖ್ಯವಾದವು. ಅಕ್ಕಿಯೂ ಕಿರುಧಾನ್ಯವೂ ಆ ಐದರಲ್ಲಿ ಸೇರಿಲ್ಲವೆಂದು ಯೋಸೇಫ್ ಕಾರೋ ರಚಿಸಿದ, 1565ರಲ್ಲಿ ವೆನಿಸಿನಲ್ಲಿ ಅಚ್ಚಾದ 'ಶುಲ್ಖಾನ್ ಆರೂಖ್' ಹೇಳುತ್ತದೆ. ಆದರೆ ಯೂರೋಪಿನ ಅಶ್ಕೆನಾಜಿ ಯೆಹೂದ್ಯರು ಅಕ್ಕಿ, ಬೇಳೆಕಾಳು, ಕಿರುಧಾನ್ಯಗಳನ್ನೂ ಆ ಎಂಟು ದಿನ ಬಿಡುವ ರೂಢಿಯವರು. ಸೆಫಾರ್ದಿಗಳಲ್ಲಿ ಅನೇಕರು ತಿನ್ನುವ ರೂಢಿಯವರು. ಹೀಗೆ ಒಂದೇ ಪ್ರಶ್ನೆಗೆ ಎರಡು ಉತ್ತರಗಳು, ಎರಡೂ ಪ್ರಾಮಾಣಿಕವಾದವು. ಯಾವುದು ತನ್ನದೆಂಬುದು ಕೇಳುವವರ ಅಜ್ಜ ಅಜ್ಜಿಯರು ಯಾರೆಂಬುದರ ಮೇಲೆ ನಿಂತಿದೆ. ಅಮೆರಿಕದ ಓದುಗರನ್ನು ಮನಸ್ಸಿನಲ್ಲಿಟ್ಟು ಮಾಡಿದ ಪಟ್ಟಿಯಲ್ಲಿ ರಾಗಿಯನ್ನು ಹುಡುಕುವವರು ನಿರಾಶರಾಗಬಹುದು. ನಮ್ಮ ಪುಟವಾದರೋ ತತ್ತ್ವವನ್ನು ತಿಳಿಸಿ, ಎರಡೂ ರೂಢಿಗಳನ್ನು ಹೆಸರಿಸಿ, ತೀರ್ಪನ್ನು ಮಾತ್ರ ರಬ್ಬಿಗೆ ಬಿಡಬೇಕು. ಉಳಿದಂತೆ ಪಾವಗಡ ಸೀಮೆಯ ಅಡಿಗೆಮನೆ ಆಹಾರನಿಯಮಗಳಿಗೆ ಅಷ್ಟೇನೂ ದೂರವಲ್ಲ. ಮಾಂಸವಿಲ್ಲದ ಊಟದಲ್ಲಿ ಹಾಲು ಮಾಂಸಗಳ ಬೆರಕೆಯ ಪ್ರಶ್ನೆಯೇ ಏಳುವುದಿಲ್ಲ. ಹುಳು ತಿನ್ನಬಾರದೆಂಬ ನಿಯಮಕ್ಕಾಗಿ ಅವರು ಸೊಪ್ಪನ್ನು ಎಲೆಎಲೆಯಾಗಿ ನೋಡಿ ಸೋಸುವುದನ್ನು ನಮ್ಮ ತಾಯಂದಿರು ಯಾವ ನಿಯಮವೂ ಇಲ್ಲದೆ ಮಾಡುತ್ತಾರೆ.

ಅಜ್ಜಿಯ ಮಾತನ್ನು ಇನ್ನೂ ಸ್ವಲ್ಪ ಮುಂದುವರಿಸಬೇಕು, ಏಕೆಂದರೆ ಇಡೀ ವಿನ್ಯಾಸದಲ್ಲಿ ಅತಿ ಸೂಕ್ಷ್ಮವಾದ ಅಪಾಯ ಅಲ್ಲಿದೆ. ಹೈಮ್ ಸೊಲೊವೈಚಿಕ್ ಎಂಬ ಇತಿಹಾಸಕಾರರು 1994ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ದೊಡ್ಡ ಬದಲಾವಣೆಯನ್ನು ಗುರುತಿಸಿದರು: ಮನೆಯಲ್ಲಿ ನೋಡಿ ಕಲಿಯುತ್ತಿದ್ದ ಆಚರಣೆಯ ಜಾಗಕ್ಕೆ ಪುಸ್ತಕ ನೋಡಿ ಕಲಿತ ಆಚರಣೆ ಬಂದಿದೆ. ಪುಸ್ತಕ ಬಂದಾಗ ಅಜ್ಜಿಯ ಕೈಯ ಅಳತೆ ತಪ್ಪಾಗಿ ಕಾಣಿಸಲಾರಂಭಿಸುತ್ತದೆ. ಭಾರತದಲ್ಲಿ ಇದು ಬರಿಯ ಊಹೆಯಲ್ಲ. ಕೊಂಕಣದ ಬೆನೆ ಇಸ್ರಾಯೇಲರು ಎಣ್ಣೆ ಗಾಣದವರಾಗಿ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ' ಎನ್ನಿಸಿಕೊಂಡು, ಗ್ರಂಥಗಳಿಲ್ಲದೆ ಶತಮಾನಗಳನ್ನು ಕಳೆದವರು. ಸುನ್ನತಿ, ಸಬ್ಬತ್, ಆಹಾರನಿಯಮ, 'ಶೆಮಾ' ಎಂಬ ಅರಿಕೆ ಇವಿಷ್ಟನ್ನು ಕಾಪಾಡಿಕೊಂಡಿದ್ದರು. ಜೊತೆಗೆ ಪ್ರವಾದಿಯಾದ ಎಲೀಯನ ಹೆಸರಿನಲ್ಲಿ ಅವಲಕ್ಕಿ, ತೆಂಗಿನಕಾಯಿ, ಹಣ್ಣುಗಳನ್ನಿಟ್ಟು ಮಾಡುವ 'ಮಲಿದಾ' ಎಂಬ ಕೃತಜ್ಞತಾವಿಧಿ ಅವರದೇ ಆದದ್ದು. 'ಶುಲ್ಖಾನ್ ಆರೂಖ್'ನಲ್ಲಿ ಅದನ್ನು ಹುಡುಕಿದರೆ ಸಿಗದು. ಬೆಂಗಳೂರಿನಲ್ಲಿ 1904ರಿಂದಲೂ ಯೆಹೂದ್ಯರ ಸ್ಮಶಾನವಿದೆ; ನಮ್ಮ ಕಲ್ಪಿತ ಓದುಗರು ಇಂಥ ಕುಟುಂಬದ ಕುಡಿಯೇ ಆಗಿದ್ದರೆ, ಹೊರಗಿನ ಜಾಲತಾಣವನ್ನು ಓದಿ ಅಜ್ಜಿಯ ಮಲಿದಾ ತಟ್ಟೆಯನ್ನು ಅಟ್ಟಕ್ಕೆ ಹಾಕಬಹುದು. ಆದುದರಿಂದ ನಾವು ಪ್ರತಿ ಹಬ್ಬದ ಪುಟದಲ್ಲಿಯೂ 'ನಿಮ್ಮ ಮನೆಯಲ್ಲಿ ಏನು ಮಾಡುತ್ತಿದ್ದರು?' ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಇರಿಸಿದೆವು.

ತಂದೆತಾಯಿಗಳ ವಿಷಯವೂ ಇದಕ್ಕೆ ಹೊಂದಿಕೊಂಡದ್ದೇ. ಆಚರಣೆಗೆ ಮರಳಿದ ಮಗಳು ತಾಯಿಯ ಅಡಿಗೆಯನ್ನು ಉಣ್ಣಲಾರಳು. ಶನಿವಾರ ನಡೆಯುವ ತಮ್ಮನ ಮದುವೆಗೆ ವಾಹನ ಹತ್ತಲಾರಳು. ದೇವರ ಕಡೆಗೆ ತಿರುಗುವುದು ಮನೆಯವರಿಗೆ ಬೆನ್ನು ತಿರುಗಿಸಿದಂತೆ ಕಾಣುತ್ತದೆ. ಯಾಜಕಕಾಂಡ 19:3 ತಾಯಿತಂದೆಗಳಿಗೆ ಭಯಭಕ್ತಿಯಿಂದಿರುವುದನ್ನೂ ಸಬ್ಬತ್ತನ್ನು ಆಚರಿಸುವುದನ್ನೂ ಒಂದೇ ವಾಕ್ಯದಲ್ಲಿ ಹೇಳುತ್ತದೆ. ತಂದೆಯೇ ಹೇಳಿದರೂ ಸಬ್ಬತ್ತನ್ನು ಮೀರಬಾರದೆಂದು ರಬ್ಬಿಗಳು ಇದರಿಂದ ತಿಳಿದರು. ಆದರೆ ಆ ವಾಕ್ಯದಲ್ಲಿ ತಾಯಿತಂದೆಗಳೇ ಮೊದಲು ಬರುತ್ತಾರೆಂಬುದನ್ನು ಹೊಸ ಉತ್ಸಾಹದವರು ಮರೆಯುವುದುಂಟು. ಜಾಲತಾಣದಲ್ಲಿ 'ಮನೆಯವರಿಗಾಗಿ' ಎಂಬ ಒಂದು ಪುಟವಿರಬೇಕೆಂದು ನಮ್ಮ ತರಗತಿಯ ಸ್ತ್ರೀಯರು ಹಟ ಹಿಡಿದರು. ಮಗಳು ತಟ್ಟೆಯನ್ನು ತಳ್ಳಿದ್ದು ತಾಯಿಯನ್ನು ತಳ್ಳಿದ್ದಲ್ಲವೆಂದು ಆ ತಾಯಿಗೇ ಹೇಳುವ ಪುಟ, ಹೊಸ ಪಾತ್ರೆಯಲ್ಲಿ ಕೊಯ್ದಿಟ್ಟ ಹಣ್ಣನ್ನು ಯಾವ ಅಡ್ಡಿಯೂ ಇಲ್ಲದೆ ಕೊಡಬಹುದೆಂದು ತಿಳಿಸುವ ಪುಟ. ನಮ್ಮ ಮಟ್ಟಿಗೆ ಇಡೀ ಕರಡಿನಲ್ಲಿ ಅದೇ ಉತ್ತಮವಾದ ಭಾಗ.

ಕೊನೆಯದಾಗಿ ಕೇಳಲೇಬೇಕಾದ ಪ್ರಶ್ನೆ: ಇದನ್ನು ಬರೆಯಲು ಕ್ರೈಸ್ತರಾದ ನಾವು ಯಾರು? ಮುಂಬಯಿಯಲ್ಲಿದ್ದ ಸ್ಕಾಟ್ಲೆಂಡಿನ ಮಿಷನೆರಿ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲಿ ಇಬ್ರಿಯ ವ್ಯಾಕರಣವನ್ನು ಪ್ರಕಟಿಸಿದರು. ಮಿಷನ್ ಶಾಲೆಗಳಲ್ಲಿ ಬೆನೆ ಇಸ್ರಾಯೇಲರ ಮಕ್ಕಳು ಇಬ್ರಿಯವನ್ನು ಕಲಿತರು. ಉದ್ದೇಶ ಅವರನ್ನು ಕ್ರಿಸ್ತನ ಕಡೆಗೆ ತರುವುದಾಗಿತ್ತು. ಆದದ್ದೇ ಬೇರೆ. ಕಲಿತವರು ತಮ್ಮ ಪೂರ್ವಿಕರ ಪ್ರಾರ್ಥನೆಗಳನ್ನೇ ಓದಲಾರಂಭಿಸಿದರು. ಪಸ್ಕದ ರಾತ್ರಿ ಓದುವ 'ಹಗ್ಗಾದಾ' ಮರಾಠಿ ಅನುವಾದದೊಂದಿಗೆ 1846ರಲ್ಲಿ ಮುಂಬಯಿಯಲ್ಲಿಯೂ 1874ರಲ್ಲಿ ಪುಣೆಯಲ್ಲಿಯೂ ಅಚ್ಚಾಯಿತು. ಶತಮಾನದ ಕೊನೆಯ ಹೊತ್ತಿಗೆ ಅಬ್ರಹಾಮ ಯೋಸೇಫರ ಕಥೆಗಳನ್ನು ಮರಾಠಿ ಕೀರ್ತನೆಯ ಧಾಟಿಯಲ್ಲಿ, ನಮ್ಮ ಹರಿಕಥೆಯಂತೆ, ಅವರು ಹಾಡುತ್ತಿದ್ದರು. ಕೊಟ್ಟವರ ಉದ್ದೇಶಕ್ಕೆ ಕಲಿತವರ ಕೈ ಕಟ್ಟುಬೀಳಲಿಲ್ಲ. ಪಾವಗಡಕ್ಕೆ ಭಾಷೆಯಿಂದ ನೆರೆಯವರೇ ಆದ ತೆಲುಗು ಸೀಮೆಯಲ್ಲಿ ಇನ್ನೊಂದು ಉದಾಹರಣೆಯಿದೆ: ಗುಂಟೂರು ಬಳಿಯ ಕೊತ್ತರೆಡ್ಡಿಪಾಲೆಂನ ಬೆನೆ ಎಫ್ರಾಯೀಮರು ಬ್ಯಾಪ್ಟಿಸ್ಟ್ ಸಭೆಯ ಹಿನ್ನೆಲೆಯಿಂದ ಬಂದ ಮಾದಿಗ ಕುಟುಂಬಗಳವರು; 1980ರ ದಶಕದ ಕೊನೆಯಿಂದ ತಮ್ಮನ್ನು ಇಸ್ರಾಯೇಲಿನ ಕುಲದವರೆಂದು ಅರಿಕೆಮಾಡಿ ಸಬ್ಬತ್ತನ್ನು ಆಚರಿಸುತ್ತಿದ್ದಾರೆ. ಯೂಲಿಯಾ ಎಗೊರೋವಾ ಮತ್ತು ಶಾಹಿದ್ ಪರ್ವೇಜ್ ಅವರು 2013ರಲ್ಲಿ ಇವರ ಕುರಿತು ಗ್ರಂಥವನ್ನು ಪ್ರಕಟಿಸಿದರು. ಯಾರು ಯೆಹೂದ್ಯರೆಂಬ ಪ್ರಶ್ನೆ ಎಷ್ಟು ನೋವಿನದೆಂಬುದು ಬೆನೆ ಇಸ್ರಾಯೇಲರಿಗೂ ಗೊತ್ತು; ಇಸ್ರೇಲಿನಲ್ಲಿ ಅವರ ವಂಶವನ್ನು ವಿಚಾರಿಸಲಾಯಿತು, 1964ರಲ್ಲಷ್ಟೇ ಸರಕಾರ ಅವರನ್ನು ಎಲ್ಲ ವಿಧದಲ್ಲಿಯೂ ಯೆಹೂದ್ಯರೆಂದು ಘೋಷಿಸಿತು. ಜಾಲತಾಣ ಈ ತೀರ್ಪನ್ನು ಕೊಡಬಾರದು, ಬಾಗಿಲಲ್ಲಿ ನಿಂತು ವಂಶಾವಳಿಯನ್ನೂ ಕೇಳಬಾರದು.

ಇದನ್ನೆಲ್ಲ ಓದಿದ ಮೇಲೆ ವಿದ್ಯಾರ್ಥಿಗಳು ತಾವಾಗಿಯೇ ಎರಡು ವಿಷಯಗಳನ್ನು ಬದಲಾಯಿಸಿದರು. ಮೊದಲ ಕರಡಿನಲ್ಲಿ ಓದುಗರ ಹೆಸರು, ಫೋನ್ ಸಂಖ್ಯೆ ಕೇಳುವ ನಮೂನೆಯೊಂದಿತ್ತು, ಅದನ್ನು ತೆಗೆದುಹಾಕಿದರು. ಬರೆದವರು ಯಾರು, ಯಾವ ಸಭೆಗೆ ಸೇರಿದವರು, ಯಾವ ರಬ್ಬಿ ಪರಿಶೀಲಿಸಿದರು ಎಂಬುದನ್ನು ಪ್ರತಿ ಪುಟದ ತಲೆಯಲ್ಲಿಯೇ ತಿಳಿಸಬೇಕೆಂದು ಬರೆದರು. ರಬ್ಬಿಯ ಪರಿಶೀಲನೆ ಇಲ್ಲದೆ ಪ್ರಕಟಿಸಬಾರದೆಂಬ ಕಾರಣದಿಂದ ನಮ್ಮ ಕರಡು ತರಗತಿಯ ಕಡತದಲ್ಲಿಯೇ ಉಳಿದಿದೆ. ಅದರ ಸಬ್ಬತ್ತಿನ ಹಾಳೆಯ ಕೊನೆಯಲ್ಲಿ, ಸಬ್ಬತ್ತನ್ನು ಕಳುಹಿಸಿಕೊಡುವ ದೀಪದ ಪ್ರಾರ್ಥನೆಯ ಕೆಳಗೆ, ಒಂದು ಖಾಲಿ ಗೆರೆ ಇದೆ. ಮುಂದಿನ ವಾರ ಯಾರ ಮನೆಯಲ್ಲಿ ಉಣ್ಣುತ್ತೀರಿ ಎಂಬುದನ್ನು ಓದುಗರು ಸಬ್ಬತ್ ಮುಗಿದ ಮೇಲೆ ಅಲ್ಲಿ ಕೈಯಿಂದ ಬರೆದುಕೊಳ್ಳಬೇಕು.